ಹೊತ್ತವಳ ಪಾಲು

1890ರ ಏಪ್ರಿಲ್ 27. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ವಾಲ್ಟರ್ ಹೀಪ್ ಅಂಗೋರಾ ತಳಿಯ ಒಂದು ಹೆಣ್ಣು ಮೊಲದ ಹೊಟ್ಟೆಯಿಂದ ಎರಡು ಎಳೆ ಭ್ರೂಣಗಳನ್ನು ಹೊರತೆಗೆದರು. ಆ ಮೊಲ ತನ್ನದೇ ತಳಿಯ ಗಂಡಿನ ಜೊತೆ ಕೂಡಿ 32 ಗಂಟೆ ಕಳೆದಿತ್ತು. ಭ್ರೂಣ ಇನ್ನೂ ಕೆಲವೇ ಜೀವಕೋಶಗಳ ಹಂತದಲ್ಲಿತ್ತು, ಬರಿಗಣ್ಣಿಗೆ ಕಾಣುವುದೇ ಕಷ್ಟ. ಅವೆರಡನ್ನೂ ಸೂಜಿಯ ಮೊನೆಯಲ್ಲಿ ಎತ್ತಿ, ಬೆಲ್ಜಿಯನ್ ಹೇರ್ ಎಂಬ ಇನ್ನೊಂದು ತಳಿಯ ಮೊಲದ ಅಂಡನಾಳದಲ್ಲಿ ಇಟ್ಟರು. ಈ ಎರಡನೆಯ ಮೊಲವೂ ಕೆಲವೇ ಗಂಟೆ ಮೊದಲು ತನ್ನ ತಳಿಯ ಗಂಡನ್ನು ಕೂಡಿತ್ತು. ದಿನ ತುಂಬಿದಾಗ ಅದು ಆರು ಮರಿ ಹಾಕಿತು. ನಾಲ್ಕು ಮರಿ ಬೆಲ್ಜಿಯನ್, ಎರಡು ಮರಿ ಅಂಗೋರಾ. ಆ ಎರಡಕ್ಕೂ ಅಂಗೋರಾದ ಉದ್ದನೆಯ ರೇಷ್ಮೆಯಂಥ ಕೂದಲಿತ್ತು. ನೋಡುವವರ ಕಡೆ ತಿರುಗಿ ತಲೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸುವ ಅಂಗೋರಾ ಚಾಳಿಯೂ ಇತ್ತು ಎಂದು ಹೀಪ್ ಬರೆದಿಟ್ಟಿದ್ದಾರೆ. ಹೊತ್ತ ಮೊಲದ ಬಣ್ಣ, ಕೂದಲು, ನಡವಳಿಕೆ ಯಾವುದೂ ಅವುಗಳಿಗೆ ಬಂದಿರಲಿಲ್ಲ.

ಹೀಪ್ ಈ ತೊಂದರೆ ತೆಗೆದುಕೊಂಡದ್ದಕ್ಕೆ ಹಿನ್ನೆಲೆಯೊಂದಿದೆ. ಹೆಣ್ಣು ಪ್ರಾಣಿಯ ಒಡಲು ತಾನು ಹೊತ್ತ ಮರಿಯ ಮೇಲೆ ಏನೇನು ಅಚ್ಚೊತ್ತುತ್ತದೆ ಎಂಬ ಬಗ್ಗೆ ಆ ಕಾಲದ ಯುರೋಪಿನಲ್ಲಿ ವಿಚಿತ್ರ ನಂಬಿಕೆಗಳಿದ್ದವು. ಲಾರ್ಡ್ ಮಾರ್ಟನ್ ಎಂಬವರ ಕುದುರೆಯ ಕಥೆ ಎಲ್ಲರ ಬಾಯಲ್ಲೂ ಇತ್ತು. ಅವರು ಒಂದು ಅರಬ್ಬಿ ಹೆಣ್ಣು ಕುದುರೆಗೆ ಕ್ವಾಗಾ ಎಂಬ ಪಟ್ಟೆಯ ಪ್ರಾಣಿಯನ್ನು ಜೋಡಿ ಮಾಡಿದ್ದರು. ಅದೇ ಕುದುರೆ ಮುಂದೆ ಅರಬ್ಬಿ ಗಂಡಿನಿಂದ ಹಾಕಿದ ಮರಿಗಳ ಕಾಲಲ್ಲೂ ಪಟ್ಟೆ ಕಂಡಿತಂತೆ. ಈ ಸಂಗತಿ 1821ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲೇ ಅಚ್ಚಾಯಿತು, ಡಾರ್ವಿನ್ ಅಂಥವರೂ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಕೊಸಾರ್ ಯೂವರ್ಟ್ ಝೀಬ್ರಾಗಳನ್ನೇ ತಂದು ಮತ್ತೆ ಪರೀಕ್ಷಿಸಿ ಅದು ಸುಳ್ಳೆಂದು ತೋರಿಸಬೇಕಾಯಿತು. ಹೀಪ್ ಮೊಲದ ಪ್ರಯೋಗ ಮಾಡಿದಾಗ ಮೆಂಡಲ್‌ನ ಬಟಾಣಿ ಲೆಕ್ಕ ಯಾರ ಗಮನಕ್ಕೂ ಬಂದಿರಲಿಲ್ಲ. ‘ಜೀನ್’ ಎಂಬ ಹೆಸರು ಹುಟ್ಟಿದ್ದೇ 1909ರಲ್ಲಿ. ಆದರೂ ಆ ಎರಡು ಮರಿಗಳು ಉತ್ತರವನ್ನು ಮೊದಲೇ ಹೇಳಿಬಿಟ್ಟಿದ್ದವು.

ಇಂದು ಮನುಷ್ಯರಲ್ಲಿ ನಡೆಯುತ್ತಿರುವುದೂ ಇದೇ. ದಂಪತಿಯ ಅಂಡಾಣು, ವೀರ್ಯಾಣುಗಳನ್ನು ಪ್ರಯೋಗಾಲಯದಲ್ಲಿ ಕೂಡಿಸುತ್ತಾರೆ. ಮೂರು ಅಥವಾ ಐದು ದಿನ ಬೆಳೆದ ಭ್ರೂಣವನ್ನು ಇನ್ನೊಬ್ಬ ಹೆಂಗಸಿನ ಗರ್ಭಕೋಶದಲ್ಲಿ ಇಡುತ್ತಾರೆ. ಆಕೆ ಹೊತ್ತು, ಹೆತ್ತು, ಮಗುವನ್ನು ಆ ದಂಪತಿಗೆ ಒಪ್ಪಿಸುತ್ತಾಳೆ. 1978ರಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಮೇಲೆ ಇದು ಸಾಧ್ಯವೇ ಎಂಬ ಪ್ರಶ್ನೆ ಉಳಿಯಲಿಲ್ಲ, ಯಾವಾಗ ಎಂಬುದಷ್ಟೇ ಉಳಿಯಿತು. ಅಂಥ ಗರ್ಭ ನಿಂತ ಸುದ್ದಿಯನ್ನು ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು 1985ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ಬಾಡಿಗೆ ತಾಯ್ತನ ಎಂದರೆ ಹೊರುವವಳ ಅಂಡಾಣುವೇ ಬಳಕೆಯಾಗುತ್ತಿತ್ತು, ಅಂದರೆ ಆಕೆ ಮಗುವಿನ ವಂಶವಾಹಿ ತಾಯಿಯೂ ಆಗಿರುತ್ತಿದ್ದಳು. ನಮ್ಮ ದೇಶದ 2021ರ ಕಾಯ್ದೆ ಆ ದಾರಿಯನ್ನು ಮುಚ್ಚಿದೆ. ಹೊರುವವಳು ತನ್ನ ಅಂಡಾಣುವನ್ನು ಕೊಡುವಂತಿಲ್ಲ. ಹಾಗಾಗಿ ಇಂದು ನಾನು ಮಾತಾಡುವುದೆಲ್ಲ ಬೇರೆಯವರ ಭ್ರೂಣವನ್ನು ಹೊತ್ತವಳ ಬಗ್ಗೆ.

ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಮಗು ಅವಳ ಹಾಗೆ ಕಾಣುತ್ತದೆಯೇ? ಅವಳ ರಕ್ತದ ಗುಂಪು ಬರುತ್ತದೆಯೇ? ಅವಳ ಮನೆತನದ ಸಕ್ಕರೆ ಕಾಯಿಲೆ ಬರುತ್ತದೆಯೇ? ಒಂದಿಷ್ಟು ಹಿಂಜರಿದು ಕೇಳುವ ಇನ್ನೊಂದು ಪ್ರಶ್ನೆ, ಆಕೆ ಯಾವ ಜಾತಿಯವಳು ಎಂಬುದು.

ವಂಶವಾಹಿಗಳ ಮಟ್ಟಿಗೆ ಉತ್ತರ ಸರಳ. ಅಂಡಾಣುವಿನಿಂದ 23 ವರ್ಣತಂತು, ವೀರ್ಯಾಣುವಿನಿಂದ 23. ಭ್ರೂಣ ಇನ್ನೊಬ್ಬಳ ಗರ್ಭಕೋಶಕ್ಕೆ ಹೋಗುವ ಹೊತ್ತಿಗೆ ಈ 46 ಕೂಡಿ ಆಗಿದೆ, ಅದಕ್ಕೆ ಸೇರಿಸಲು ಜಾಗವಿಲ್ಲ. ರಕ್ತದ ಗುಂಪು, ಕಣ್ಣಿನ ಬಣ್ಣ, ಮೂಗಿನ ಆಕಾರ, ಥಲಸ್ಸೀಮಿಯಾದಂಥ ಕಾಯಿಲೆ, ಎಲ್ಲದರ ಮೂಲವೂ ಅದರೊಳಗೇ ಇದೆ. ವರ್ಣತಂತುಗಳ ಹೊರಗೆ ಇನ್ನೊಂದು ಪುಟ್ಟ ಡಿಎನ್‌ಎ ಉಂಟು. ಅದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿ ಇರುತ್ತದೆ. ಅದರಲ್ಲಿ 16,569 ಅಕ್ಷರ, 37 ಜೀನು. ಇದು ತಾಯಿಯಿಂದ ಮಾತ್ರ ಬರುತ್ತದೆ ಎಂದು ಪಾಠಪುಸ್ತಕ ಹೇಳುವುದನ್ನು ಓದಿ ಕೆಲವರು ಗೊಂದಲಕ್ಕೆ ಬೀಳುತ್ತಾರೆ. ಅದು ಬರುವುದು ಅಂಡಾಣುವಿನ ಒಳಗಿನಿಂದ. ಅಂಡಾಣು ಯಾರದೋ ಮೈಟೊಕಾಂಡ್ರಿಯಾವೂ ಅವಳದೇ, ಹೊತ್ತವಳಿಗೆ ಅದರಲ್ಲಿ ಪಾಲಿಲ್ಲ. ಇನ್ನು ಜಾತಿ. ಅದಕ್ಕೆ ಅಂಡಾಣುವಿನಲ್ಲೇ ಜಾಗವಿಲ್ಲ, ಗರ್ಭಕೋಶದಲ್ಲಿ ಎಲ್ಲಿಂದ ಬರಬೇಕು! ಮಗು ಬೆಳ್ಳಗಾಗಲೆಂದು ಹೊತ್ತವಳಿಗೆ ಕೇಸರಿ ಹಾಲು ಕಳಿಸುವವರೂ ಇದ್ದಾರೆ. ಹಾಲು ಕುಡಿದವಳಿಗೆ ಪುಷ್ಟಿ ಬರುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ.

ನೆಂಟರೇ ಹೊತ್ತರೆ ಲೆಕ್ಕ ಸ್ವಲ್ಪ ಸ್ವಾರಸ್ಯವಾಗುತ್ತದೆ. 2019ರ ಮಸೂದೆಯಲ್ಲಿ ಹೊರುವವಳು ಹತ್ತಿರದ ನೆಂಟಳೇ ಆಗಿರಬೇಕು ಎಂದಿತ್ತು. ಮುಂದೆ ಒಪ್ಪಿದ ಯಾವ ಹೆಂಗಸೂ ಆಗಬಹುದು ಎಂದು ಅದನ್ನು ಸಡಿಲಿಸಿದರು. ಆದರೂ ಹಣ ಕೊಡುವಂತಿಲ್ಲ ಎಂಬ ನಿಯಮ ಇರುವುದರಿಂದ ಅಕ್ಕ, ತಂಗಿ, ನಾದಿನಿ, ಓರಗಿತ್ತಿಯರೇ ಮುಂದೆ ಬರುವುದು ಸಹಜ. ಹೆಂಡತಿಯ ತಂಗಿ ಹೊತ್ತಳೆನ್ನಿ. ಆಕೆ ಮಗುವಿಗೆ ಚಿಕ್ಕಮ್ಮ. ಸರಾಸರಿ ಕಾಲು ಭಾಗ ಡಿಎನ್‌ಎ ಇಬ್ಬರಿಗೂ ಸಮಾನ, ಮೈಟೊಕಾಂಡ್ರಿಯಾವಂತೂ ಒಂದೇ. ಆದರೆ ಇದು ಹೊತ್ತದ್ದರಿಂದ ಬಂದದ್ದಲ್ಲ, ಹೊರದಿದ್ದರೂ ಅಷ್ಟೇ ಇರುತ್ತಿತ್ತು. ಗಂಡನ ತಂಗಿ ಹೊತ್ತರೂ ಕಾಲು ಭಾಗವೇ, ಮೈಟೊಕಾಂಡ್ರಿಯಾ ಮಾತ್ರ ಬೇರೆ. ‘ಅಣ್ಣನ ಮಗುವನ್ನು ತಂಗಿ ಹೊರುವುದೇ’ ಎಂದು ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿ ಅಣ್ಣ ತಂಗಿಯರ ವಂಶವಾಹಿ ಸೇರುವುದೇ ಇಲ್ಲ. ಸೇರಿರುವುದು ಅಣ್ಣ ಅತ್ತಿಗೆಯರದು. ಓರಗಿತ್ತಿ ಹೊತ್ತರೆ ಸಂಬಂಧ ಮನೆತನದ್ದು ಮಾತ್ರ, ಡಿಎನ್‌ಎಯ ಲೆಕ್ಕದಲ್ಲಿ ಆಕೆ ಹೊರಗಿನವಳು. 2004ರಲ್ಲಿ ಗುಜರಾತಿನ ಆಣಂದದಲ್ಲಿ ಒಬ್ಬಾಕೆ ತನ್ನ ಮಗಳ ಅವಳಿ ಮಕ್ಕಳನ್ನೇ ಹೆತ್ತುಕೊಟ್ಟಳು. ದೇಶವೆಲ್ಲ ಬೆರಗಾಗಿ ನೋಡಿದ ಆ ಪ್ರಕರಣದಲ್ಲೂ ವಂಶವಾಹಿಗಳು ಗೊಂದಲಕ್ಕೆ ಬೀಳಲಿಲ್ಲ. ಹೆತ್ತ ಮೇಲೂ ಆಕೆ ಅಜ್ಜಿಯೇ. ಹೊರುವವಳ ವಯಸ್ಸು 25ರಿಂದ 35ರೊಳಗೆ ಇರಬೇಕೆಂಬ ಇಂದಿನ ಕಾಯ್ದೆಯ ಪ್ರಕಾರ ಅಂಥ ಅಜ್ಜಿಗೆ ಈಗ ಅವಕಾಶವಿಲ್ಲ.

ನಮ್ಮ ಕರ್ನಾಟಕದಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಇಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಇನ್ನೂ ಬಿಟ್ಟಿಲ್ಲ. ಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟುವ ಮಗುವಿಗೆ, ಎರಡೂ ಕಡೆಯಿಂದ ಒಂದೇ ಹಿರಿಯರ ಜೀನಿನ ಪ್ರತಿ ಬಂದು ಜೊತೆಗೂಡುವ ಸಂಭವ ಎಂಟರಲ್ಲಿ ಒಂದು. ಸೋದರಸಂಬಂಧಿಗಳಲ್ಲಿ ಹದಿನಾರರಲ್ಲಿ ಒಂದು. ಮರೆಯಾಗಿರುವ ಕೆಟ್ಟ ಜೀನು ಹೀಗೆ ಜೋಡಿಯಾದಾಗ ಕಾಯಿಲೆ ಮೇಲೆ ಬರುತ್ತದೆ. ‘ಹೊರಗಿನ ಹೆಣ್ಣು ಹೊತ್ತರೆ ಆ ದೋಷ ಕಳೆಯುತ್ತದಲ್ಲವೇ’ ಎಂದು ಓದಿದವರೂ ಕೇಳುವುದುಂಟು. ಕಳೆಯುವುದಿಲ್ಲ. ದೋಷ ಇರುವುದು ಭ್ರೂಣದಲ್ಲಿ, ಭ್ರೂಣ ಆ ದಂಪತಿಯದೇ. ಅವರು ಹೋಗಬೇಕಾದದ್ದು ವಂಶವಾಹಿ ಸಲಹೆಗಾರರ ಹತ್ತಿರ. ರಕ್ತ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಮೊದಲೇ ಆ ನಿರ್ದಿಷ್ಟ ಕಾಯಿಲೆಗೆ ಪರೀಕ್ಷಿಸಬಹುದು.

ಇಷ್ಟು ಕೇಳಿದ ಮೇಲೆ ಹಳೆಯ ಮಾತೊಂದು ನಾಲಗೆಗೆ ಬರುತ್ತದೆ: ಬೀಜ ಒಬ್ಬರದು, ಹೊಲ ಇನ್ನೊಬ್ಬರದು. ಧರ್ಮಶಾಸ್ತ್ರಗಳಿಂದ ಹಿಡಿದು ಆಸ್ಪತ್ರೆಯ ಕಾಯುವ ಕೋಣೆಯವರೆಗೆ ಈ ಹೋಲಿಕೆ ನಡೆದು ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಲವನ್ನೂ ತಿಳಿಯದವರ ಮಾತು ಅದು ಎಂದು ರೈತರು ಹೇಳಿಯಾರು. ಬಸಿರನ್ನಂತೂ ತಿಳಿಯದವರ ಮಾತೇ. ವಂಶವಾಹಿ ಕೊಡದವಳು ಏನನ್ನೂ ಕೊಡಲಿಲ್ಲ ಎಂದು ತೀರ್ಮಾನಿಸುವುದು, ಅವಳ ಗುಣ ಮಗುವಿಗೆ ಅಂಟುತ್ತದೆ ಎನ್ನುವಷ್ಟೇ ದೊಡ್ಡ ತಪ್ಪು.

ಇದನ್ನು ತೋರಿಸಿದ್ದು ಮತ್ತೆ ಪುಟ್ಟ ಪ್ರಾಣಿಗಳೇ. ಈ ಸಲ ಇಲಿಗಳು. 1950ರ ದಶಕದಲ್ಲಿ ಲಂಡನ್ನಿನ ಆನ್ ಮೆಕ್‌ಲಾರೆನ್ ಮತ್ತು ಡೊನಾಲ್ಡ್ ಮಿಕಿ ದಂಪತಿ ಎರಡು ತಳಿಯ ಇಲಿಗಳನ್ನು ತೆಗೆದುಕೊಂಡರು. ಒಂದು ತಳಿಗೆ ಸೊಂಟದ ಭಾಗದಲ್ಲಿ ಸಾಮಾನ್ಯವಾಗಿ ಐದು ಬೆನ್ನುಮೂಳೆ, ಇನ್ನೊಂದಕ್ಕೆ ಆರು. ಎರಡನ್ನೂ ಅಡ್ಡ ಹಾಯಿಸಿದರೆ ಹುಟ್ಟುವ ಹೆಣ್ಣುಮರಿಗಳ ವಂಶವಾಹಿ, ತಾಯಿ ಯಾವ ತಳಿಯದಾದರೂ ಒಂದೇ ಆಗಿರಬೇಕು. ಆದರೆ ಮೂಳೆಯ ಎಣಿಕೆ ತಾಯಿಯ ತಳಿಯ ಕಡೆ ವಾಲುತ್ತಿತ್ತು. ಕಾರಣ ಅಂಡಾಣುವಿನೊಳಗಿನ ರಸವೋ, ಗರ್ಭಕೋಶವೋ? ಅವರು ಹೀಪ್‌ನ ಉಪಾಯವನ್ನೇ ಹಿಡಿದರು. ಒಂದು ತಳಿಯ ಭ್ರೂಣವನ್ನು ಇನ್ನೊಂದು ತಳಿಯ ಇಲಿಯ ಗರ್ಭಕ್ಕೆ ಹಾಕಿದರು. ಮೂಳೆಯ ಎಣಿಕೆ ಹೊತ್ತ ಇಲಿಯ ಕಡೆಗೆ ಸರಿಯಿತು. 1958ರಲ್ಲಿ ಅವರು ಅದನ್ನು ಪ್ರಕಟಿಸಿದರು. ಬಣ್ಣವಲ್ಲ, ತೂಕವೂ ಅಲ್ಲ, ಅಸ್ಥಿಪಂಜರದ ಒಂದು ಎಣಿಕೆ! ಒಂದು ಡಿಎನ್‌ಎ ಅಕ್ಷರವನ್ನೂ ಬದಲಿಸದೆ ಗರ್ಭಕೋಶ ಮರಿಯ ಬೆನ್ನೆಲುಬನ್ನು ತಿದ್ದಿತ್ತು. ಹೀಪ್ ಹೇಳಿದ್ದು ಸುಳ್ಳಾಗಲಿಲ್ಲ. ಆದರೆ ಆ ಎರಡು ಮೊಲದ ಮರಿಗಳಲ್ಲಿ ಅವರು ಕೂದಲು ನೋಡಿದ್ದರು, ಮೂಳೆ ಎಣಿಸಿರಲಿಲ್ಲ.

ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಆದರೆ ಬಾಡಿಗೆ ತಾಯ್ತನ ಮತ್ತು ಅಂಡಾಣು ದಾನ ತಾವಾಗಿಯೇ ಆ ಪ್ರಯೋಗವನ್ನು ಒದಗಿಸಿವೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರೈಸ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟವಾದದ್ದು. ಪ್ರನಾಳ ವಿಧಾನದಲ್ಲಿ ಹುಟ್ಟಿದ ಮಕ್ಕಳನ್ನು ಅವರು ಎರಡು ಗುಂಪಾಗಿ ನೋಡಿದರು. ಹೊತ್ತವಳ ವಂಶವಾಹಿಯೇ ಉಳ್ಳ ಮಕ್ಕಳು ಒಂದು ಕಡೆ, ಹೊತ್ತವಳ ವಂಶವಾಹಿ ಇಲ್ಲದ ಮಕ್ಕಳು ಇನ್ನೊಂದು ಕಡೆ. ಬಸಿರಿನಲ್ಲಿ ಸಿಗರೇಟು ಸೇದಿದವರ ಮಕ್ಕಳ ತೂಕ ಎರಡೂ ಗುಂಪಿನಲ್ಲಿ ಕಡಿಮೆಯಿತ್ತು. ಅಂದರೆ ಹೊಗೆ ನೇರವಾಗಿ ಗರ್ಭದಲ್ಲೇ ಕೆಲಸ ಮಾಡಿತ್ತು. ಅದೇ ಮಕ್ಕಳ ಪುಂಡಾಟಿಕೆಯ ಸ್ವಭಾವವನ್ನು ನೋಡಿದರೆ, ಸಿಗರೇಟಿನ ಜೊತೆ ಅದರ ನಂಟು ಕಂಡದ್ದು ವಂಶವಾಹಿ ಹಂಚಿಕೊಂಡ ಗುಂಪಿನಲ್ಲಿ ಮಾತ್ರ. ಸೇದುವ ತಾಯಿಯಿಂದ ಮಗುವಿಗೆ ಬಂದದ್ದು ಅಲ್ಲಿ ಹೊಗೆಯ ಪರಿಣಾಮವಲ್ಲ, ಸ್ವಭಾವದ ವಂಶವಾಹಿ. ಯಾವುದು ಒಡಲಿನದು, ಯಾವುದು ವಂಶದ್ದು ಎಂದು ಇಷ್ಟು ಅಚ್ಚುಕಟ್ಟಾಗಿ ಬಿಡಿಸಿ ತೋರಿಸಿದ ಉದಾಹರಣೆಗಳು ಕಡಿಮೆ.

ಕಾಯಿಲೆಗಳ ಕಡೆ ಬಂದರೆ ಇದು ಇನ್ನೂ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ಅಪರೂಪದ ವಂಶವಾಹಿ ಕಾಯಿಲೆಯಲ್ಲಿ ಊಟದ ಪ್ರೋಟೀನಿನ ಒಂದು ಅಂಶ ದೇಹದಲ್ಲಿ ಕರಗದೆ ರಕ್ತದಲ್ಲಿ ಏರುತ್ತದೆ. ಈ ಕಾಯಿಲೆಯ ಹೆಂಗಸು ಪಥ್ಯ ಮಾಡದೆ ಬಸಿರಾದರೆ, ಮಗುವಿಗೆ ಆ ಕಾಯಿಲೆ ಇಲ್ಲದಿದ್ದರೂ ಮಿದುಳು ಚಿಕ್ಕದಾಗುತ್ತದೆ, ಹೃದಯದಲ್ಲಿ ದೋಷ ಬರಬಹುದು. ಮಗುವಿನ ಜೀನು ಸರಿಯಿದೆ, ಹೊತ್ತವಳ ರಕ್ತ ಸರಿಯಿಲ್ಲ. ಅದೇ ಹೆಂಗಸಿನ ಭ್ರೂಣವನ್ನು ಆರೋಗ್ಯವಂತಳೊಬ್ಬಳು ಹೊತ್ತರೆ ಈ ಹಾನಿ ಆಗುವುದಿಲ್ಲ.

ಆರ್‌ಎಚ್ ರಕ್ತದ ಗುಂಪಿನ ವಿಷಯವೂ ಹೀಗೆಯೇ, ಇದು ಅಪರೂಪದ್ದೂ ಅಲ್ಲ. ಆರ್‌ಎಚ್ ನೆಗೆಟಿವ್ ತಾಯಿ ಪಾಸಿಟಿವ್ ಮಗುವನ್ನು ಹೊತ್ತರೆ ತೊಂದರೆಯಾಗಬಹುದು ಎಂದು ನಮ್ಮ ಬಹಳಷ್ಟು ಹೆಣ್ಣುಮಕ್ಕಳಿಗೆ ಗೊತ್ತು. ಇಲ್ಲಿ ‘ತಾಯಿ’ ಎಂದರೆ ಹೊತ್ತವಳು. ಅಂಡಾಣು ಕೊಟ್ಟವಳ ಗುಂಪು ನೆಗೆಟಿವ್ ಆಗಿದ್ದರೂ ಹೊತ್ತವಳದು ಪಾಸಿಟಿವ್ ಆದರೆ ಚಿಂತೆಯಿಲ್ಲ. ಹೊತ್ತವಳು ನೆಗೆಟಿವ್ ಆಗಿದ್ದು, ಮೊದಲಿನ ತನ್ನ ಹೆರಿಗೆಯಲ್ಲಿ ಆ್ಯಂಟಿ-ಡಿ ಚುಚ್ಚುಮದ್ದು ತಪ್ಪಿಸಿಕೊಂಡಿದ್ದರೆ, ಆಗ ಹುಟ್ಟಿರಬಹುದಾದ ಪ್ರತಿಕಾಯಗಳು ಈಗ ಬೇರೆಯವರ ಪಾಸಿಟಿವ್ ಮಗುವಿನ ರಕ್ತವನ್ನು ಒಡೆಯಬಹುದು. ಹೊರುವವಳಿಗೆ ಮೊದಲೇ ಸ್ವಂತ ಮಗುವೊಂದು ಇರಲೇಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಆಕೆಯ ಹಳೆಯ ಬಾಣಂತನದ ಚೀಟಿಯನ್ನು ಹುಡುಕಿ ತೆಗೆದು ಓದುವುದು ಔಪಚಾರಿಕ ಕೆಲಸವಲ್ಲ.

ಇಬ್ಬರ ರಕ್ತ ಬೆರೆಯುವುದಿಲ್ಲವಲ್ಲ, ಮತ್ತೆ ಪ್ರತಿಕಾಯ ಹೇಗೆ ದಾಟುತ್ತದೆ ಎಂದು ನೀವು ಕೇಳಬಹುದು. ನಡುವೆ ಮಾಸು ಇದೆ. ಮಾಸು ತಾಯಿಯ ಅಂಗ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಬಹುಪಾಲು ಮಗುವಿನದು. ಭ್ರೂಣದಿಂದಲೇ ಬೆಳೆದು, ಮಗುವಿನ ಡಿಎನ್‌ಎಯನ್ನೇ ಹೊತ್ತು, ಹೆಂಗಸಿನ ಗರ್ಭಕೋಶದೊಳಗೆ ಬೇರು ಬಿಡುತ್ತದೆ. ಅವಳ ರಕ್ತನಾಳಗಳನ್ನು ಅಗಲ ಮಾಡಿ ತನಗೆ ಬೇಕಾದ್ದನ್ನು ಎಳೆದುಕೊಳ್ಳುತ್ತದೆ. ಆಮ್ಲಜನಕ, ಸಕ್ಕರೆ, ಕಬ್ಬಿಣ ದಾಟುತ್ತವೆ. ಐಜಿಜಿ ಎಂಬ ಬಗೆಯ ಪ್ರತಿಕಾಯವನ್ನಂತೂ ಮಾಸು ತಾನೇ ಹಿಡಿದು ದಾಟಿಸುತ್ತದೆ, ಅದೂ ಕೊನೆಯ ಮೂರು ತಿಂಗಳಲ್ಲಿ ಹೆಚ್ಚಾಗಿ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವನ್ನು ಧನುರ್ವಾಯುವಿನಿಂದ, ದಡಾರದಿಂದ ಕಾಯುವುದು ಹೊತ್ತವಳು ಪಡೆದ ಲಸಿಕೆ, ಆಕೆಗೆ ಬಂದು ಹೋದ ಕಾಯಿಲೆ. ಬಸಿರಿನ ಮೊದಲ ವಾರಗಳಲ್ಲಿ ಭ್ರೂಣಕ್ಕೆ ಸ್ವಂತ ಥೈರಾಯ್ಡ್ ಇಲ್ಲದಾಗ ಅದರ ಮಿದುಳಿಗೆ ಬೇಕಾದ ಹಾರ್ಮೋನನ್ನು ಒದಗಿಸುವವಳೂ ಆಕೆಯೇ.

ಇನ್ನೊಂದು ಹೆಜ್ಜೆ ಮುಂದಕ್ಕೆ. ಜೀನಿನ ಅಕ್ಷರ ಬದಲಾಗದೆ, ಅದು ಎಷ್ಟು ಕೆಲಸ ಮಾಡಬೇಕೆಂಬುದು ಬದಲಾಗುವುದುಂಟು. 1944-45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯದ ದಿಗ್ಬಂಧನದಿಂದ ಪಶ್ಚಿಮ ಹಾಲೆಂಡಿನಲ್ಲಿ ಭೀಕರ ಹಸಿವು ಬಂತು. ಆಗ ಗರ್ಭ ನಿಂತು ಹುಟ್ಟಿದವರನ್ನು ಸುಮಾರು ಅರವತ್ತು ವರ್ಷದ ಮೇಲೆ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್-2 ಎಂಬ ಜೀನಿನ ಮೇಲಿನ ರಾಸಾಯನಿಕ ಗುರುತು ಅವರ ಸ್ವಂತ ಒಡಹುಟ್ಟಿದವರಿಗಿಂತ ಕಡಿಮೆ ಇದ್ದದ್ದು ಕಂಡಿತು. 2008ರಲ್ಲಿ ಇದು ಪ್ರಕಟವಾಯಿತು. ಆದರೆ ಇಲ್ಲಿ ಕಿವಿಮಾತೊಂದಿದೆ. 2015ರಲ್ಲಿ ಸ್ಪೇನಿನ ವಾಲೆನ್ಸಿಯಾದ ವಿಜ್ಞಾನಿಗಳು ಗರ್ಭಕೋಶದ ಒಳಪದರ ಸ್ರವಿಸುವ ಸಣ್ಣದೊಂದು ಆರ್‌ಎನ್‌ಎ ಭ್ರೂಣದೊಳಗೆ ಹೋಗುತ್ತದೆ ಎಂದು ತೋರಿಸಿದರು. ಆ ಮೇಲೆ ಪತ್ರಿಕೆಗಳು, ಅದರ ಬೆನ್ನಿಗೆ ಆಸ್ಪತ್ರೆಗಳ ಜಾಹೀರಾತುಗಳು ಅದನ್ನು ಎಲ್ಲಿಗೋ ಕೊಂಡೊಯ್ದವು. ಅಂಡಾಣು ದಾನ ಪಡೆದವರಿಗೆ ‘ನಿಮ್ಮ ಡಿಎನ್‌ಎಯೂ ಮಗುವಿಗೆ ಬರುತ್ತದೆ’ ಎಂದು ಸಮಾಧಾನ ಹೇಳುವುದಕ್ಕೆ ಅದು ಬಳಕೆಯಾಯಿತು. ಆ ಸಂಶೋಧನೆ ಹೇಳಿದ್ದು ಅಷ್ಟಲ್ಲ. ಜೀನುಗಳ ಕೆಲಸದ ಏರಿಳಿತ ಒಂದು, ಜೀನು ಬರುವುದು ಇನ್ನೊಂದು. ದುಃಖದಲ್ಲಿರುವವರಿಗೆ ಅರ್ಧಸತ್ಯದ ಸಮಾಧಾನ ಮಾರುವುದು ನನಗೆ ಸರಿಕಾಣುವುದಿಲ್ಲ.

ಕೊಡುಕೊಳೆ ಒಂದೇ ಕಡೆಯದಲ್ಲ. ಮಗುವಿನ ಜೀವಕೋಶಗಳೂ ಮಾಸನ್ನು ದಾಟಿ ಹೊತ್ತವಳ ಮೈ ಸೇರುತ್ತವೆ. 1996ರಲ್ಲಿ ಬೋಸ್ಟನ್ನಿನ ಡಯಾನಾ ಬಿಯಾಂಕಿ ಮತ್ತು ಜೊತೆಗಾರರು ಗಂಡುಮಗು ಹೆತ್ತ ಹೆಂಗಸರ ರಕ್ತದಲ್ಲಿ ಗಂಡಿನ ಜೀವಕೋಶಗಳನ್ನು ಹುಡುಕಿ ತೆಗೆದರು. ಅವರಲ್ಲಿ ಒಬ್ಬಾಕೆ ಮಗ ಹೆತ್ತು 27 ವರ್ಷವಾಗಿತ್ತು. 2012ರಲ್ಲಿ ಅಮೆರಿಕದಲ್ಲೇ, ತೀರಿಹೋದ 59 ಹೆಂಗಸರ ಮಿದುಳನ್ನು ಪರೀಕ್ಷಿಸಿದಾಗ 37 ಮಂದಿಯಲ್ಲಿ ಗಂಡಿನ ಡಿಎನ್‌ಎ ಸಿಕ್ಕಿತು. ಅದರಲ್ಲಿ 94 ವರ್ಷದ ಮುದುಕಿಯೂ ಇದ್ದರು. ಈ ದಾಟುವಿಕೆಗೆ ಅಂಡಾಣು ಯಾರದೆಂಬುದು ಅಡ್ಡಿಯಲ್ಲ. ಬೇರೆಯವರ ಮಗುವನ್ನು ಹೆತ್ತು ಮನೆಗೆ ಹೋದವಳ ಮೈಯಲ್ಲಿ ಆ ದಂಪತಿಯ ವಂಶವಾಹಿ ಹೊತ್ತ ಕೆಲವು ಜೀವಕೋಶಗಳು ಉಳಿದಿರಬಹುದು. ಅಪ್ಪ ಅಮ್ಮ ಎಂದು ಮಗು ಯಾರನ್ನು ಕರೆಯುತ್ತದೋ ಅವರ ಡಿಎನ್‌ಎ, ಮಗುವನ್ನು ಮತ್ತೆಂದೂ ನೋಡದವಳ ಮೈಯಲ್ಲಿ. ಹಾಗೆಯೇ ಆಕೆಯ ಕೆಲವು ಜೀವಕೋಶಗಳು ಮಗುವಿನಲ್ಲಿ. ಇವು ಏನು ಮಾಡುತ್ತವೆ, ಗಾಯ ಮಾಯಿಸುತ್ತವೆಯೋ, ತೊಂದರೆ ಕೊಡುತ್ತವೆಯೋ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಮುಗಿದಿಲ್ಲ.

ಕಾನೂನು ಇಷ್ಟೆಲ್ಲ ನೋಡುವುದಿಲ್ಲ, ನೋಡಲಿ ಎಂದು ನಿರೀಕ್ಷಿಸುವುದೂ ಕಷ್ಟ. ಅದಕ್ಕೆ ತಾಯಿ ಯಾರೆಂದು ಒಂದೇ ಮಾತಿನ ಉತ್ತರ ಬೇಕು. ಬ್ರಿಟನ್ನಿನಲ್ಲಿ ಹೆತ್ತವಳೇ ತಾಯಿ, ನ್ಯಾಯಾಲಯದ ಆದೇಶದ ಮೇಲೆ ಆ ಹಕ್ಕು ದಂಪತಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1993ರಲ್ಲಿ, ಅಂಡಾಣು ಕೊಟ್ಟವಳಿಗೂ ಹೆತ್ತವಳಿಗೂ ಇಬ್ಬರಿಗೂ ಹಕ್ಕಿನ ಆಧಾರ ಇದೆ, ಮಗು ಬೇಕೆಂದು ಹೊರಟವರು ಯಾರು ಎಂಬುದರ ಮೇಲೆ ತೀರ್ಮಾನ ಎಂದಿತು. 2022ರ ಜನವರಿ 25ರಿಂದ ಜಾರಿಗೆ ಬಂದ ನಮ್ಮ ಕಾಯ್ದೆ, ಹುಟ್ಟಿದ ಮಗುವನ್ನು ದಂಪತಿಯ ಜೈವಿಕ ಮಗು ಎಂದೇ ಪರಿಗಣಿಸಬೇಕು ಎನ್ನುತ್ತದೆ. ಸ್ವಾರಸ್ಯ ಇರುವುದು ಇಲ್ಲೇ. 2023ರ ಮಾರ್ಚಿನಲ್ಲಿ ಸರ್ಕಾರ ನಿಯಮ ತಿದ್ದಿ ಅಂಡಾಣು, ವೀರ್ಯಾಣು ಎರಡೂ ದಂಪತಿಯದೇ ಆಗಿರಬೇಕು ಎಂದಿತು. ಹುಟ್ಟಿನಿಂದಲೇ ಗರ್ಭಕೋಶವಿಲ್ಲದ, ಅಂಡಾಣುವೂ ಬೆಳೆಯದ ಹೆಂಗಸೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ಅಂಥ ಸಂದರ್ಭದಲ್ಲಿ ವಂಶವಾಹಿ ಸಂಬಂಧ ಎಂದರೆ ಗಂಡನ ಜೊತೆಗಿನ ಸಂಬಂಧ ಎಂದು ಓದಿಕೊಳ್ಳಬೇಕು ಎಂದು ಕೋರ್ಟು ಹೇಳಿತು. 2024ರ ಫೆಬ್ರವರಿಯಲ್ಲಿ ನಿಯಮವೇ ಬದಲಾಯಿತು. ಜಿಲ್ಲಾ ವೈದ್ಯಕೀಯ ಮಂಡಳಿ ಒಪ್ಪಿದರೆ ಒಂದು ಕಡೆಯದು ದಾನಿಯದಾಗಬಹುದು. ಅಂದರೆ ವಂಶವಾಹಿ ಇಲ್ಲ, ಹೊತ್ತದ್ದೂ ಇಲ್ಲ, ಆದರೂ ಆಕೆ ಕಾನೂನಿನ ಪ್ರಕಾರ ಜೈವಿಕ ತಾಯಿ. ತಪ್ಪೆಂದು ನಾನು ಹೇಳುತ್ತಿಲ್ಲ, ನನ್ನ ಮಟ್ಟಿಗೆ ಅದು ಸರಿಯಾದ ತಿದ್ದುಪಡಿ. ಆದರೆ ತಾಯ್ತನವನ್ನು ಡಿಎನ್‌ಎಯಿಂದ ಅಳೆಯುತ್ತೇವೆ ಎಂದು ಹೊರಟ ಕಾನೂನು ಎರಡೇ ವರ್ಷದಲ್ಲಿ ಆ ಅಳತೆಗೋಲನ್ನು ತಾನೇ ಸಡಿಲ ಮಾಡಿಕೊಂಡಿತು ಎಂಬುದನ್ನು ಗಮನಿಸಬೇಕು.

ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ 2023ರಲ್ಲಿ ಬಂದ ಪ್ರಕರಣದಲ್ಲಿ ಗಂಡನಿಗೆ ಕಾಯ್ದೆಯ 55 ವರ್ಷದ ಮಿತಿ ದಾಟಿತ್ತು. ನ್ಯಾಯಾಲಯ ವಯಸ್ಸಿನ ಅಂಕಿಯೊಂದನ್ನೇ ಹಿಡಿಯದೆ ಮೂರು ಪರೀಕ್ಷೆ ಹೇಳಿತು: ವಂಶವಾಹಿಯದು, ದೈಹಿಕ ಶಕ್ತಿಯದು, ಆರ್ಥಿಕ ಸ್ಥಿತಿಯದು. ಮೊದಲನೆಯದಕ್ಕೆ ವೈಜ್ಞಾನಿಕ ಕಾರಣವಿದೆ. ತಂದೆಯ ವಯಸ್ಸು ಏರಿದ ಹಾಗೆ ವೀರ್ಯಾಣುವಿನಲ್ಲಿ ಹೊಸ ಬದಲಾವಣೆಗಳು ಹೆಚ್ಚುತ್ತವೆ.

ವಯಸ್ಸಿನ ಮಾತು ಬಂದಾಗ ಆಸ್ಪತ್ರೆಯ ಅರ್ಜಿಯಲ್ಲಿ ಆಗುವ ಎಡವಟ್ಟನ್ನು ಹೇಳಬೇಕು. ಡೌನ್ ಸಿಂಡ್ರೋಮಿನ ಸಂಭವ ಅಂಡಾಣುವಿನ ವಯಸ್ಸಿನ ಜೊತೆ ಏರುತ್ತದೆ. 25ರ ಹೆಂಗಸಿಗೆ ಸುಮಾರು 1,250ರಲ್ಲಿ ಒಂದು, 40ರವಳಿಗೆ ಸುಮಾರು ನೂರರಲ್ಲಿ ಒಂದು. ಸ್ಕ್ಯಾನಿಂಗಿಗೆ ಹೋದ 26ರ ಹೊತ್ತವಳ ವಯಸ್ಸನ್ನೇ ಅರ್ಜಿಯಲ್ಲಿ ತುಂಬಿದರೆ ಲೆಕ್ಕ ಸುಳ್ಳಾಗುತ್ತದೆ. ತುಂಬಬೇಕಾದದ್ದು ಅಂಡಾಣು ಹೊರತೆಗೆದ ದಿನ ಅದರ ಒಡತಿಗೆ ಎಷ್ಟು ವಯಸ್ಸಾಗಿತ್ತು ಎಂಬುದನ್ನು. ಈಗ ಹೊತ್ತವಳ ರಕ್ತದಲ್ಲೇ ತೇಲುವ ಮಗುವಿನ ಡಿಎನ್‌ಎ ಚೂರುಗಳಿಂದ ಪರೀಕ್ಷೆ ಮಾಡುತ್ತಾರೆ. ಡೆನಿಸ್ ಲೋ 1997ರಲ್ಲಿ ತೋರಿಸಿಕೊಟ್ಟ ದಾರಿ ಅದು. ಅಲ್ಲಿಯೂ ‘ಇದು ಬೇರೆಯವರ ಭ್ರೂಣ’ ಎಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕು. ತಾಯಿ ಮಗುವಿನ ನಡುವೆ ಅರ್ಧ ಹೋಲಿಕೆ ಇದ್ದೇ ಇರುತ್ತದೆ ಎಂದು ಎಣಿಸುವ ವಿಧಾನಗಳು ಇಲ್ಲಿ ದಾರಿ ತಪ್ಪುತ್ತವೆ.

ಆ ಅರ್ಧ ಹೋಲಿಕೆ ಇಲ್ಲದಿರುವುದು ಹೊತ್ತವಳ ಮೈಗೂ ಸಣ್ಣ ವಿಷಯವಲ್ಲ. ನಮ್ಮ ದೇಹ ತನ್ನದು, ಪರರದು ಎಂದು ಗುರುತಿಸುವುದು ಎಚ್‌ಎಲ್‌ಎ ಎಂಬ ಗುರುತುಗಳಿಂದ. ಸ್ವಂತ ಬಸಿರಿನಲ್ಲಿ ಮಗುವಿನ ಅರ್ಧ ಗುರುತು ತಾಯಿಯದೇ. ಉಳಿದರ್ಧ ತಂದೆಯದಾಗಿದ್ದೂ ತಾಯಿಯ ದೇಹ ಮಗುವನ್ನು ಏಕೆ ಹೊರಹಾಕುವುದಿಲ್ಲ ಎಂದು ಪೀಟರ್ ಮೆಡವಾರ್ 1953ರಲ್ಲೇ ಕೇಳಿದ್ದರು. ಬೇರೆಯವರ ಭ್ರೂಣ ಹೊತ್ತಾಗ ಎರಡೂ ಅರ್ಧ ಪರರದು. ಅಂಡಾಣು ದಾನದಿಂದ ಬಸಿರಾದವರಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಹೆಚ್ಚೆಂಬುದು ಗೊತ್ತಿರುವ ಸಂಗತಿ. ಕೆನಡಾದ ಒಂಟಾರಿಯೊದಲ್ಲಿ 2012ರಿಂದ 2021ರವರೆಗಿನ ಹೆರಿಗೆಗಳನ್ನು ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ತೊಂದರೆಗೆ ಒಳಗಾದವರು ಸಹಜವಾಗಿ ಬಸಿರಾದವರಲ್ಲಿ ನೂರಕ್ಕೆ 2.3, ಪ್ರನಾಳ ವಿಧಾನದವರಲ್ಲಿ 4.3, ಬೇರೆಯವರ ಭ್ರೂಣ ಹೊತ್ತವರಲ್ಲಿ 7.8. ಕೆನಡಾದಂಥ ಆರೋಗ್ಯ ವ್ಯವಸ್ಥೆಯಲ್ಲಿ ಇಷ್ಟು. ‘ಒಂದು ಹೆತ್ತವಳಿಗೆ ಇನ್ನೊಂದು ಹೆರುವುದು ಏನು ಮಹಾ’ ಎನ್ನುವವರಿಗೆ ಈ ಅಂಕಿ ಗೊತ್ತಿರಲಿ.

ಹೆರಿಗೆ ಮುಗಿದ ಮೇಲೂ ಒಂದು ಉಳಿಕೆ ಇದೆ. ಬಸಿರಿನಲ್ಲಿ ಮಗುವಿನ ಎಚ್‌ಎಲ್‌ಎ ಗುರುತುಗಳ ವಿರುದ್ಧ ಕೆಲವು ಹೆಂಗಸರಲ್ಲಿ ಪ್ರತಿಕಾಯಗಳು ಹುಟ್ಟಿ ಹಲವು ವರ್ಷ ಉಳಿಯುತ್ತವೆ. ಅದಕ್ಕೇ ಬ್ರಿಟನ್ನಿನಂಥ ದೇಶಗಳಲ್ಲಿ ಪ್ಲಾಸ್ಮಾಕ್ಕೆ ಹೆಚ್ಚಾಗಿ ಗಂಡಸರ ರಕ್ತವನ್ನು ಬಳಸುತ್ತಾರೆ. ಹೊತ್ತವಳಿಗೆ ಮುಂದೆಂದಾದರೂ ಮೂತ್ರಪಿಂಡದ ಕಸಿ ಬೇಕಾಯಿತೆನ್ನಿ. ಆಗ ವೈದ್ಯರು ಎಷ್ಟು ಹೆರಿಗೆ ಎಂದು ಕೇಳುತ್ತಾರೆ, ಗಂಡನ ಅಥವಾ ಮಕ್ಕಳ ಅಂಗ ಹೊಂದುತ್ತದೆಯೇ ಎಂದು ನೋಡುತ್ತಾರೆ. ಪರರ ಎರಡು ಮನೆತನಗಳ ಗುರುತುಗಳ ವಿರುದ್ಧ ಅವಳ ರಕ್ತದಲ್ಲಿ ಪ್ರತಿಕಾಯ ಇರಬಹುದು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಕಾಯ್ದೆ ಆಕೆಗೆ 36 ತಿಂಗಳ ವಿಮೆ ಕೊಡಿಸುತ್ತದೆ. ವಿಮೆ ಮುಗಿದ ಮೇಲೂ ಪ್ರತಿಕಾಯ ಉಳಿದಿರಬಹುದು. ಹಾಗಾಗಿ ಆಸ್ಪತ್ರೆ ಬಿಡುವಾಗ ಕೊಡುವ ಚೀಟಿಯಲ್ಲಿ, ಹೊತ್ತ ಭ್ರೂಣ ಬೇರೆಯವರದು ಎಂಬುದು, ಮಗುವಿನ ರಕ್ತದ ಗುಂಪು, ಆ್ಯಂಟಿ-ಡಿ ಕೊಟ್ಟಿದ್ದರೆ ಅದರ ದಿನಾಂಕ, ಇಷ್ಟನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ಅದರ ಒಂದು ಪ್ರತಿ ದಂಪತಿಯ ಕಡತದಲ್ಲಿ ಇದ್ದರೆ ಸಾಲದು, ಹೆತ್ತವಳ ಕೈಯಲ್ಲೂ ಇರಬೇಕು.